ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರಿನೊಳಗಿನ ಸಿಂಥೆಟಿಕ್ ಸ್ವೀಡ್

ಪ್ರಶ್ನೆ: ಐದು ವರ್ಷ ಹಳೆಯದಾದ ಕಾರೊಂದನ್ನು ಕಳೆದ ವರ್ಷ ಕೊಂಡೆ. ಅದರ ಸ್ಟೀರಿಂಗ್‌ಗೆ ಕಪ್ಪು ಬಣ್ಣದ ಸ್ವೀಡ್ ಹೊದಿಕೆ ಇದೆ. ಕೈ ಹಿಡಿಯುವ ಎರಡೂ ಬದಿಗಳಲ್ಲಿ ಅದು ಗಟ್ಟಿಯಾಗಿ, ಎಣ್ಣೆ ಸವರಿದಂತೆ ಹೊಳೆಯುತ್ತಿದೆ. ಚರ್ಮವೆಂದು ತಿಳಿದು ಲೆದರ್ ಕಂಡೀಷನರ್ ಹಚ್ಚಿದೆ, ಇನ್ನಷ್ಟು ಅಂಟಂಟಾಯಿತು. ಇದು ಮೊದಲಿನಂತಾಗುವುದೇ ಅಥವಾ ಹೊದಿಕೆಯನ್ನೇ ಬದಲಿಸಬೇಕೇ?
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ ಅದು ಚರ್ಮವಲ್ಲ, ಸ್ವೀಡ್‌ನಂತೆ, ಅಂದರೆ ಮೇಲ್ಮೈಯಲ್ಲಿ ನವಿರು ಎಳೆಗಳೆದ್ದ ಮೆತ್ತನೆಯ ಚರ್ಮದಂತೆ, ಕಾಣುವ ಸಿಂಥೆಟಿಕ್ ಬಟ್ಟೆ. ಜಪಾನಿನ ತೋರೇ ಕಂಪನಿಯ ವಿಜ್ಞಾನಿ ಮಿಯೋಷಿ ಒಕಾಮೊಟೊ ಅವರು 1970ರಲ್ಲಿ ರೂಪಿಸಿದ ವಿಧಾನ ಇದರ ಮೂಲ. ಆ ವಿಧಾನವನ್ನು ಆಧರಿಸಿ 1972ರಲ್ಲಿ ಇಟಲಿಯಲ್ಲಿ ಹುಟ್ಟಿದ ಅಲ್ಕಾಂಟಾರಾ ಕಂಪನಿಯ ಹೆಸರನ್ನೇ ಈಗ ಅನೇಕರು ಈ ಜಾತಿಯ ಬಟ್ಟೆಗಳಿಗೆಲ್ಲ ಬಳಸುತ್ತಾರೆ. ಅಲ್ಕಾಂಟಾರಾದಲ್ಲಿ ಸುಮಾರು 68 ಭಾಗ ಪಾಲಿಯೆಸ್ಟರ್, 32 ಭಾಗ ಪಾಲಿಯುರೆಥೇನ್ ಇರುತ್ತದೆ. ತಲೆಗೂದಲಿಗಿಂತ ಬಹಳ ಸಪೂರವಾದ ಪಾಲಿಯೆಸ್ಟರ್ ಎಳೆಗಳು ಮೇಲ್ಮೈಯಲ್ಲಿ ದಟ್ಟವಾಗಿ ನಿಂತಿರುತ್ತವೆ, ಪಾಲಿಯುರೆಥೇನ್ ಅವುಗಳನ್ನು ಒಳಗಿನಿಂದ ಹಿಡಿದಿಟ್ಟಿರುತ್ತದೆ. ಚರ್ಮವು ತನ್ನ ಸಹಜ ಜಿಡ್ಡನ್ನು ಕಳೆದುಕೊಂಡು ಬಿರಿಯುವುದರಿಂದ ಅದಕ್ಕೆ ಕಂಡೀಷನರ್ ಬೇಕಾಗುತ್ತದೆ. ಈ ಬಟ್ಟೆಯಲ್ಲಿ ಕಳೆದುಕೊಳ್ಳಲು ಜಿಡ್ಡೇ ಇಲ್ಲ. ಹಚ್ಚಿದ ಕಂಡೀಷನರ್ ಎಳೆಗಳ ನಡುವೆ ಉಳಿದು, ಅಲ್ಲಿದ್ದ ಬೆವರು ಮತ್ತು ಧೂಳನ್ನು ಮತ್ತಷ್ಟು ಬಲವಾಗಿ ಅಂಟಿಸುತ್ತದೆ. ನಿಮಗೆ ಆದದ್ದು ಇದೇ.

ಕೆಲಸ ಆರಂಭಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಹೊಳೆಯುವ ಜಾಗವನ್ನು ಉಗುರಿನಿಂದ ಎಳೆಗಳ ದಿಕ್ಕಿಗೆ ವಿರುದ್ಧವಾಗಿ ಮೆಲ್ಲನೆ ಕೆದರಿ, ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ನೋಡಿ. ಮಂಕಾದ, ಕುಚ್ಚಿನಂತಹ ಎಳೆಗಳು ಒಂದಿಷ್ಟಾದರೂ ಮೇಲೆದ್ದರೆ ಅದು ಕೇವಲ ಕೊಳೆಯಿಂದ ಒರಗಿದ ಬಟ್ಟೆ, ಬಹುಮಟ್ಟಿಗೆ ಸರಿಯಾಗುತ್ತದೆ. ಏನೂ ಏಳದೆ, ನೆಯ್ಗೆಯಿಲ್ಲದ ಬೋಳು ಹಾಳೆಯಂತಹ ತಳ ಕಂಡರೆ ಎಳೆಗಳು ಸವೆದು ಹೋಗಿವೆ ಎಂದರ್ಥ. ಸವೆದ ಎಳೆಯನ್ನು ಯಾವ ದ್ರಾವಣವೂ ಮತ್ತೆ ಬೆಳೆಸಲಾರದು. ಹಾಗೆ ಭರವಸೆ ಕೊಟ್ಟು ಹಣ ಕೇಳುವವರನ್ನು ನಂಬಬೇಡಿ. ಐದು ವರ್ಷದ ಸ್ಟೀರಿಂಗ್‌ನಲ್ಲಿ ಸಾಮಾನ್ಯವಾಗಿ ಎರಡೂ ಬೆರೆತಿರುತ್ತವೆ. ಹೆಬ್ಬೆರಳು ಕೂರುವ ಜಾಗ ಬೋಳಾಗಿರಬಹುದು, ಉಳಿದದ್ದು ಕೊಳೆ ಮಾತ್ರ.

ಶುಚಿಗೊಳಿಸುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನ ಪ್ರಮಾಣ. ಸ್ಟೀರಿಂಗ್‌ನ ನಡುವೆ ಏರ್‌ಬ್ಯಾಗ್ ಇದೆ, ಸ್ವಿಚ್ಚುಗಳಿವೆ, ಹೊದಿಕೆಯ ಅಡಿಯಲ್ಲಿ ಅಂಟು ಇದೆ. ಆದ್ದರಿಂದ ಯಾವುದನ್ನೂ ನೇರವಾಗಿ ಅದರ ಮೇಲೆ ಸಿಂಪಡಿಸಬಾರದು. ಬೋರ್‌ವೆಲ್ ನೀರೂ ಬೇಡ, ಅದರ ಗಡಸುತನದಿಂದ ಕಪ್ಪು ಬಟ್ಟೆಯ ಮೇಲೆ ಬಿಳಿ ಅಂಚು ಉಳಿಯುತ್ತದೆ. ಬ್ಯಾಟರಿಗೆಂದು ಅಂಗಡಿಯಲ್ಲಿ ಮಾರುವ ಡಿಸ್ಟಿಲ್ಡ್ ನೀರು ಸಾಕು. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಉಣ್ಣೆ ಬಟ್ಟೆ ಒಗೆಯುವ ಸೌಮ್ಯ ದ್ರವ ಸೋಪನ್ನು ನಾಲ್ಕೈದು ಹನಿ ಹಾಕಿ ಕಲಕಿ, ಮೇಲೆ ನಿಂತ ನೊರೆಯನ್ನು ಮಾತ್ರ ಮೃದುವಾದ ಬ್ರಷ್ಷಿಗೆ ಎತ್ತಿಕೊಳ್ಳಿ. ನಾಲ್ಕು ಬೆರಳಗಲದ ಜಾಗವನ್ನು ಮಾತ್ರ ಆರಿಸಿಕೊಂಡು, ಒತ್ತಡ ಹಾಕದೆ, ಸುತ್ತುಸುತ್ತಾಗಿ ಉಜ್ಜಿ. ಕೆಲವೇ ಕ್ಷಣಗಳಲ್ಲಿ ಬಿಳಿಯ ನೊರೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ನೊರೆ ಆರಿದರೆ ಕೊಳೆ ಮತ್ತೆ ಒಳಗೇ ಇಳಿಯುವುದರಿಂದ, ಕೂಡಲೇ ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಬಿಳಿ ಹತ್ತಿ ಬಟ್ಟೆಯಿಂದ ಅದನ್ನು ಒತ್ತಿ ಎತ್ತಿ. ಬಿಳಿಯದೇ ಇರಲಿ: ಬಣ್ಣದ ಬಟ್ಟೆ ತಾನೇ ಬಣ್ಣ ಬಿಡಬಹುದು, ಜೊತೆಗೆ ಎಷ್ಟು ಕೊಳೆ ಬಂತೆಂಬುದು ಬಿಳಿಯ ಮೇಲೆ ಮಾತ್ರ ಕಾಣುತ್ತದೆ. ನಂತರ ಬರೀ ನೀರಿನಲ್ಲಿ ಅದ್ದಿ ಹಿಂಡಿದ ಇನ್ನೊಂದು ಬಟ್ಟೆಯಿಂದ ಸೋಪಿನ ಅಂಶ ಹೋಗುವವರೆಗೆ ಎರಡು ಮೂರು ಬಾರಿ ಒರೆಸಿ. ಉಳಿದ ಸೋಪು ಒಣಗಿದಾಗ ಎಳೆಗಳನ್ನು ಮತ್ತೆ ಗಡುಸಾಗಿಸುತ್ತದೆ.

ಇಲ್ಲಿಗೆ ಅರ್ಧ ಕೆಲಸ ಮುಗಿಯಿತು. ಮಿಕ್ಕ ಅರ್ಧವನ್ನು ಬಹಳ ಜನ ಮಾಡುವುದೇ ಇಲ್ಲ. ಬಟ್ಟೆ ಅರೆ ಒಣಗಿದಾಗ ಒಣ ಬ್ರಷ್ಷಿನಿಂದ ಎಲ್ಲ ದಿಕ್ಕುಗಳಿಗೂ ಹಗುರವಾಗಿ ಬಾಚಿ ಎಳೆಗಳನ್ನು ಎಬ್ಬಿಸಬೇಕು. ಗಾಜುಗಳನ್ನು ಒಂದು ಬೆರಳಷ್ಟು ತೆರೆದು ನೆರಳಿನಲ್ಲಿ ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಬಾಚಬೇಕು. ಹೇರ್ ಡ್ರೈಯರ್ ಹಿಡಿಯುವ ಆತುರ ಬೇಡ. ನಿಮ್ಮ ಸ್ಟೀರಿಂಗ್‌ನಲ್ಲಿ ಕಂಡೀಷನರ್ ಕೂಡ ಇರುವುದರಿಂದ ಒಂದೇ ಸಲಕ್ಕೆ ಎಲ್ಲವೂ ಬರುವುದಿಲ್ಲ. ಎರಡು ದಿನ ಬಿಟ್ಟು ಇದೇ ಕ್ರಮವನ್ನು ಮತ್ತೆ ಅನುಸರಿಸಿ. ಮೂರನೆಯ ಸುತ್ತಿನಲ್ಲಿ ನೊರೆ ಬಿಳಿಯಾಗಿಯೇ ಉಳಿದರೆ ಅಲ್ಲಿಗೆ ನಿಲ್ಲಿಸಿ. ಒಂದೇ ಮಧ್ಯಾಹ್ನದಲ್ಲಿ ಮುಗಿಸಲೆಂದು ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಹಿಡಿದವರೊಬ್ಬರ ಸ್ಟೀರಿಂಗನ್ನು ನಾನು ನೋಡಿದ್ದೇನೆ. ಕೊಳೆಯೊಂದಿಗೆ ಎಳೆಗಳೂ ಕಿತ್ತು ಬಂದು, ತೊಳೆದು ಉಳಿಸಿಕೊಳ್ಳಬಹುದಾಗಿದ್ದ ಹೊದಿಕೆಯನ್ನು ಕೊನೆಗೆ ಬದಲಿಸಬೇಕಾಯಿತು. ಅದನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ಇನ್ನು ಮುಂದೆ ವಾರಕ್ಕೊಮ್ಮೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಬಾಚಿದರೆ ಸಾಕು. ಕೈಗೆ ಕ್ರೀಮ್ ಅಥವಾ ಸ್ಯಾನಿಟೈಸರ್ ಹಚ್ಚಿಕೊಂಡ ಕೂಡಲೇ ಸ್ಟೀರಿಂಗ್ ಹಿಡಿಯಬೇಡಿ.

ಪ್ರಶ್ನೆ: ಆಯುಧಪೂಜೆಯ ದಿನ ಮನೆಯವರು ಸ್ಟೀರಿಂಗ್‌ಗೂ ಡ್ಯಾಶ್‌ಬೋರ್ಡ್‌ನ ಬೂದು ಸ್ವೀಡ್ ಪಟ್ಟಿಗೂ ಅರಿಶಿನ ಕುಂಕುಮ ಹಚ್ಚಿದರು. ಮರುದಿನ ಸೋಪು ನೀರಿನ ಬಟ್ಟೆಯಿಂದ ಒರೆಸಿದಾಗ ಅರಿಶಿನ ಹಚ್ಚಿದ್ದ ಜಾಗವೂ ಕೆಂಪಾಗಿ ಹರಡಿತು. ಪರಿಹಾರವೇನು?
– ಓದುಗರು, ದಾವಣಗೆರೆ

ಉತ್ತರ: ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವರ್ಣದ್ರವ್ಯ ಕ್ಷಾರ ತಗುಲಿದ ಕೂಡಲೇ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ನೀರು ಮಾಡುವಾಗ ನಾವೆಲ್ಲರೂ ಕಾಣುವುದು ಇದನ್ನೇ. ಬಟ್ಟೆ ಸೋಪು ಕ್ಷಾರೀಯವಾದ್ದರಿಂದ ನಿಮ್ಮ ಡ್ಯಾಶ್‌ಬೋರ್ಡ್ ಮೇಲೆ ಅದೇ ನಡೆದಿದೆ. ಹೆದರಬೇಡಿ. ಮೊದಲು ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಲವು ಬಾರಿ ಒತ್ತಿ ಸೋಪಿನ ಅಂಶವನ್ನು ತೆಗೆಯಿರಿ, ಕೆಂಪು ಮತ್ತೆ ಹಳದಿಯತ್ತ ಹೊರಳುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ಅನ್ನು ಮೊದಲು ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಪರೀಕ್ಷಿಸಿ, ಬಟ್ಟೆಯ ಸ್ವಂತ ಬಣ್ಣ ಬಿಡದಿದ್ದರೆ, ಬಿಳಿ ಹತ್ತಿಗೆ ತುಸುವೇ ಹಾಕಿ, ಕಲೆಯ ಅಂಚಿನಿಂದ ಒಳಕ್ಕೆ ಒತ್ತುತ್ತಾ ಬನ್ನಿ. ಉಜ್ಜಬಾರದು, ಉಜ್ಜಿದರೆ ಕಲೆ ಹರಡುತ್ತದೆ. ಹತ್ತಿಗೆ ಬಣ್ಣ ಹತ್ತಿದ ಹಾಗೆಲ್ಲ ಹೊಸ ಹತ್ತಿ ತೆಗೆದುಕೊಳ್ಳಿ. ಬಾಗಿಲುಗಳೆಲ್ಲ ತೆರೆದಿರಲಿ, ಹತ್ತಿರ ಕಿಡಿ ಇರಬಾರದು. ಆಮೇಲೆ ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಾಚಿ. ಉಳಿದ ನಸು ಹಳದಿ ಛಾಯೆ ಬೆಳಕಿಗೆ ತಾನಾಗಿಯೇ ಮಾಸುತ್ತದೆ. ಕುಂಕುಮದ ಮಾತು ಬೇರೆ. ಈಗ ಅಂಗಡಿಯಲ್ಲಿ ಸಿಗುವ ಅನೇಕ ಕುಂಕುಮಗಳಲ್ಲಿ ಕೃತಕ ಬಣ್ಣವಿರುವುದರಿಂದ ಅದು ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ.

ಮುಂದಿನ ವರ್ಷ ಪೂಜೆಯಾದ ಮೇಲೆ ನೀರು ಮುಟ್ಟಿಸುವ ಮೊದಲೇ ಒಣ ಪುಡಿಯನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು ತೆಗೆಯಿರಿ. ಸ್ಟೀರಿಂಗ್‌ನ ನಡುವಿನ ಪ್ಲಾಸ್ಟಿಕ್ ಭಾಗಕ್ಕೆ ತಿಲಕವಿಟ್ಟರೆ ಪೂಜೆಗೂ ಕೊರತೆಯಿಲ್ಲ, ಬಟ್ಟೆಗೂ ತೊಂದರೆಯಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಮೂರು ವಾರ ನಿಲ್ಲಿಸಿದ್ದ ಕಾರಿನ ಸ್ವೀಡ್ ರೂಫ್ ಲೈನಿಂಗ್ ಮೇಲೆ ಬೂಷ್ಟು ಬಂದಿದೆ, ವಾಸನೆಯೂ ಇದೆ. ನೊರೆ ಹಾಕಿ ತೊಳೆಯಬಹುದೇ?
– ಓದುಗರು, ಮಂಗಳೂರು

ಉತ್ತರ: ತೊಳೆಯಬೇಡಿ. ಚಾವಣಿಯ ಬಟ್ಟೆಯನ್ನು ಅಂಟಿನಿಂದ ಹಲಗೆಗೆ ಕೂರಿಸಿರುತ್ತಾರೆ, ನಡುವೆ ತೆಳುವಾದ ಫೋಮ್ ಇರುವುದೂ ಉಂಟು. ನೀರು ಒಳಗಿಳಿದು ಅಂಟು ಬಿಟ್ಟರೆ ಬಟ್ಟೆ ಜೋತುಬೀಳುತ್ತದೆ, ಮತ್ತೆ ಕೂರಿಸಬೇಕಾದರೆ ಇಡೀ ಚಾವಣಿಯನ್ನು ಇಳಿಸಬೇಕಾಗುತ್ತದೆ. ಮಳೆ ಬಿಡುವು ಕೊಟ್ಟ ದಿನ ಎಲ್ಲ ಬಾಗಿಲುಗಳನ್ನೂ ತೆರೆದು ಪೂರ್ತಿ ಒಣಗಿಸಿ. ಒದ್ದೆಯಿರುವಾಗ ಮುಟ್ಟಿದರೆ ಬೂಷ್ಟು ಎಳೆಗಳೊಳಗೆ ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಮಾಸ್ಕ್ ಧರಿಸಿ, ಒಂದು ಕೈಯಲ್ಲಿ ವ್ಯಾಕ್ಯೂಮ್ ಕೊಳವೆ ಹಿಡಿದು ಇನ್ನೊಂದು ಕೈಯಲ್ಲಿ ಬ್ರಷ್ ಆಡಿಸಿ, ಬೀಜಕಣಗಳು ಕಾರಿನೊಳಗೆ ಹರಡದಂತೆ ನೋಡಿಕೊಳ್ಳಿ. ಕಲೆ ಉಳಿದರೆ ಮೇಲೆ ಹೇಳಿದ ಆಲ್ಕೋಹಾಲ್ ಅನ್ನು ಅದೇ ಎಚ್ಚರಿಕೆಯೊಂದಿಗೆ ತುಸುವೇ ಬಳಸಿ. ಬ್ಲೀಚ್ ಖಂಡಿತ ಬೇಡ. ಒಂದೇ ಮೂಲೆಯಲ್ಲಿ ಮತ್ತೆ ಮತ್ತೆ ಬೂಷ್ಟು ಬಂದರೆ ಸನ್‌ರೂಫ್‌ನ ನೀರು ಹರಿಯುವ ಕೊಳವೆ ಕಟ್ಟಿರಬಹುದು, ಅದನ್ನು ಮೊದಲು ತೋರಿಸಿ.

ಪ್ರಶ್ನೆ: ಚಾಲಕನ ಸೀಟಿನ ಅಂಚಿನಲ್ಲಿ ಚಿಕ್ಕ ಚಿಕ್ಕ ಗಂಟುಗಳು ಎದ್ದಿವೆ. ರೇಜರ್‌ನಿಂದ ಕೆರೆಯಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ರೇಜರ್ ಬೇಡ; ಒಂದು ಸಲ ಕೈ ಜಾರಿದರೆ ಬಟ್ಟೆಯೇ ಸೀಳುತ್ತದೆ. ಸ್ವೆಟರ್‌ಗೆ ಬಳಸುವ, ಬ್ಲೇಡಿನ ಮೇಲೆ ಜಾಲರಿ ಇರುವ ಬ್ಯಾಟರಿ ಶೇವರ್ ಬಳಸಬಹುದು. ಮೊದಲು ಸೀಟನ್ನು ಶುಚಿಗೊಳಿಸಿ, ಒಣಗಿಸಿ, ಬಾಚಿ. ಅನೇಕ ಗಂಟುಗಳು ಕೊಳೆಯಿಂದ ಅಂಟಿಕೊಂಡವಾದ್ದರಿಂದ ಅಷ್ಟಕ್ಕೇ ಬಿಡಿಸಿಕೊಳ್ಳುತ್ತವೆ. ಉಳಿದವುಗಳ ಮೇಲೆ ಮಾತ್ರ ಶೇವರನ್ನು ಒತ್ತದೆ ತೇಲಿಸಿ. ಪ್ರತಿ ಬಾರಿಯೂ ಬಟ್ಟೆಯ ಆಯುಷ್ಯ ಸ್ವಲ್ಪ ಕಡಿಮೆಯಾಗುವುದರಿಂದ ಇದನ್ನು ತಿಂಗಳ ಕೆಲಸವಾಗಿಸಿಕೊಳ್ಳಬೇಡಿ. ಜೀನ್ಸ್ ಪ್ಯಾಂಟಿನ ಹಿಂಬದಿಯ ಲೋಹದ ಗುಂಡಿಗಳು ಆ ಅಂಚಿಗೆ ಉಜ್ಜುತ್ತಿವೆಯೇ ಎಂದೂ ಗಮನಿಸಿ.

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲಿ ಮಗು ಸ್ವೀಡ್ ಸೀಟಿನ ಮೇಲೆ ಹಾಲು ಕಕ್ಕಿತು. ಬಿಸಿ ನೀರಿನಲ್ಲಿ ಒರೆಸಿದರೂ ವಾಸನೆ ಹೋಗಿಲ್ಲ.
– ಓದುಗರು, ಚಿಕ್ಕಮಗಳೂರು

ಉತ್ತರ: ಹಾಲು, ಮೊಟ್ಟೆ, ರಕ್ತದಂತಹ ಪ್ರೋಟೀನ್ ಇರುವ ಕಲೆಗಳಿಗೆ ಬಿಸಿ ನೀರು ತಾಗಿಸಬಾರದು, ಬಿಸಿಗೆ ಪ್ರೋಟೀನ್ ಗಟ್ಟಿಯಾಗಿ ಎಳೆಗಳನ್ನು ಕಚ್ಚಿಕೊಳ್ಳುತ್ತದೆ. ಈಗ ತಣ್ಣೀರು ಮತ್ತು ಸೌಮ್ಯ ಸೋಪಿನ ನೊರೆಯಿಂದ, ಸ್ಟೀರಿಂಗ್‌ಗೆ ಹೇಳಿದ ಕ್ರಮದಲ್ಲೇ, ನಾಲ್ಕೈದು ಸುತ್ತು ಮಾಡಿ, ಪ್ರತಿ ಸುತ್ತಿನ ನಂತರ ಪೂರ್ತಿ ಒಣಗಲು ಬಿಡಿ. ಸೀಟಿನಲ್ಲಿ ಸಣ್ಣ ತೂತುಗಳಿದ್ದರೆ ಹಾಲು ಫೋಮ್‌ಗೆ ಇಳಿದಿರುವ ಸಾಧ್ಯತೆ ಹೆಚ್ಚು. ಆಗ ಮೇಲಿನಿಂದ ಎಷ್ಟು ಒರೆಸಿದರೂ ವಾಸನೆ ಹೋಗದು, ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಕವರನ್ನು ನೀವೇ ಬಿಚ್ಚುವುದೂ ಅಪಾಯ. ಅಂತಹ ಸೀಟನ್ನು ಬಿಚ್ಚಿ ಜೋಡಿಸಿ ಗೊತ್ತಿರುವ ಕುಶನ್ ಕೆಲಸದವರಿಗೆ ಅಥವಾ ಕಂಪನಿಯ ಸರ್ವೀಸ್ ಸೆಂಟರಿಗೆ ಒಪ್ಪಿಸಿ.