ಬರೀ ಕೇಳಿಸಿಕೊಳ್ಳುವ ಸರ್ವರ್: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ,

ಏನನ್ನೂ ಕಳಿಸದೆ ಬರೀ ಕೇಳಿಸಿಕೊಳ್ಳುವ ಸರ್ವರ್, ಸುಮ್ಮನೆ ಕೂತ ಕನೆಕ್ಷನ್‌ಗಳನ್ನು ಹೇಗೆ ಮುಚ್ಚಬೇಕು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬಿಡುವಂಥದ್ದಲ್ಲ, ತಿದ್ದಿ ಮತ್ತೆ ಕಳಿಸಿ.

ಮೊದಲ ಎರಡು ಪುಟ ಟಿಸಿಪಿ (ಎರಡು ಮಷಿನ್‌ಗಳ ನಡುವೆ ಕನೆಕ್ಷನ್ ಮಾಡಿ ಡೇಟಾ ಸಾಗಿಸುವ ನಿಯಮಾವಳಿ) ಅಂದರೇನು ಎನ್ನುವುದಕ್ಕೇ ಹೋಗಿದೆ. ತೆಗೆದುಬಿಡಿ.

ದೊಡ್ಡ ತಪ್ಪು ಕೋಡ್‌ನಲ್ಲಿದೆ. ನೆಟ್ಟಿ ಎಂಬ ಜಾವಾ ನೆಟ್‌ವರ್ಕ್ ಲೈಬ್ರರಿಯಲ್ಲಿ ಸುಮ್ಮನೆ ಕೂತ ಕನೆಕ್ಷನ್ ಪತ್ತೆ ಮಾಡುವ ಐಡಲ್‌ಸ್ಟೇಟ್‌ಹ್ಯಾಂಡ್ಲರ್ ಮೂರು ಅಂಕಿ ಕೇಳುತ್ತದೆ: ಏನೂ ಓದದೆ ಎಷ್ಟು ಹೊತ್ತು, ಏನೂ ಬರೆಯದೆ ಎಷ್ಟು ಹೊತ್ತು, ಎರಡೂ ಇಲ್ಲದೆ ಎಷ್ಟು ಹೊತ್ತು. ನೀವು ಮೂರಕ್ಕೂ 60 ಸೆಕೆಂಡ್ ಕೊಟ್ಟು, ಯಾವ ಈವೆಂಟ್ (ಹೊತ್ತು ಮೀರಿತು ಎಂಬ ಸೂಚನೆ) ಬಂದರೂ ಕನೆಕ್ಷನ್ ಮುಚ್ಚಿದ್ದೀರಿ. ನಿಮ್ಮ ಸರ್ವರ್ ಒಂದು ಬೈಟ್ ಕೂಡ ಕಳಿಸುವುದಿಲ್ಲ, ಅಲ್ವಾ? ಹಾಗಾದರೆ ಆ ಕಡೆಯ ಸಾಧನ ಸೆಕೆಂಡಿಗೊಂದು ಮೆಸೇಜ್ ಕಳಿಸುತ್ತಿದ್ದರೂ 'ಬರೆದಿಲ್ಲ' ಎಂಬ ಈವೆಂಟ್ 60 ಸೆಕೆಂಡಿಗೆ ಬಂದೇ ಬರುತ್ತದೆ, ಚೆನ್ನಾಗಿ ನಡೆಯುತ್ತಿದ್ದ ಕನೆಕ್ಷನ್ ಕಡಿದುಹೋಗುತ್ತದೆ. 60, 0, 0 ಎಂದು ಕೊಡಿ. ಸೊನ್ನೆ ಅಂದರೆ ಆ ಲೆಕ್ಕ ಬೇಡ ಎಂದು.

ಈ 60 ಸೆಕೆಂಡಿನ ಟೈಮ್‌ಔಟ್ ಬೇಕಿರುವುದು ಮೆಮೊರಿ ಉಳಿಸೋಕೆ ಎಂದು ಬರೆದಿದ್ದೀರಿ. ಅದು ಸಣ್ಣ ಕಾರಣ. ಆ ಕಡೆ ಕರೆಂಟ್ ಹೋದರೆ ಕನೆಕ್ಷನ್ ಮುಗಿಯಿತು ಎಂದು ಹೇಳುವ ಫಿನ್ ಪ್ಯಾಕೆಟ್ ಬರುವುದಿಲ್ಲ. ಏನಾದರೂ ಕಳಿಸುವ ಸರ್ವರ್‌ಗಾದರೆ ಉತ್ತರ ಬರದಿದ್ದಾಗ ಗೊತ್ತಾಗುತ್ತದೆ, ಬರೀ ಕೇಳಿಸಿಕೊಳ್ಳುವ ಸರ್ವರ್‌ಗೆ ಮಾತ್ರ ಸತ್ತವನೂ ಸುಮ್ಮನಿರುವವನೂ ಒಂದೇ ಥರ ಕಾಣುತ್ತಾರೆ. ಲೇಖನದ ಜೀವ ಇಲ್ಲೇ ಇದೆ, ಇಲ್ಲಿಂದಲೇ ಶುರು ಮಾಡಿ. ಕೀಪ್‌ಅಲೈವ್ (ಆ ಕಡೆ ಇನ್ನೂ ಇದೆಯೇ ಎಂದು ಟಿಸಿಪಿಯೇ ತಟ್ಟಿ ನೋಡುವ ವ್ಯವಸ್ಥೆ) ಇದೆಯಲ್ಲ ಎಂದು ಓದುಗರು ಕೇಳೇ ಕೇಳುತ್ತಾರೆ. ಇದೆ, ಆದರೆ ಅದನ್ನು ನಾವೇ ಆನ್ ಮಾಡಬೇಕು. ಲಿನಕ್ಸ್‌ನಲ್ಲಿ ಅದು ಮಾಮೂಲಾಗಿ 7200 ಸೆಕೆಂಡ್ ಕಾದು, ಆಮೇಲೆ 75 ಸೆಕೆಂಡಿಗೊಂದರಂತೆ 9 ಸಲ ತಟ್ಟಿ ನೋಡುತ್ತದೆ. ಒಟ್ಟು 2 ಗಂಟೆ 11 ನಿಮಿಷ! ಅದನ್ನು ಕಡಿಮೆ ಮಾಡಿಕೊಂಡರೂ, ಪ್ರೋಗ್ರಾಂ ಹ್ಯಾಂಗ್ ಆದ ಮಷಿನ್‌ನ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಆರಾಮಾಗಿ ಉತ್ತರ ಕೊಡುತ್ತಲೇ ಇರುತ್ತದೆ.

ಮುಚ್ಚಿದ ಮೇಲೆ ಏನಾಗುತ್ತದೆ ಎನ್ನುವುದನ್ನು ನೀವು ಮುಟ್ಟಿಯೇ ಇಲ್ಲ, ನನಗೆ ಬೇಜಾರಾಗಿದ್ದು ಅದಕ್ಕೇ. ಬರೀ ಕಳಿಸುವ ಕ್ಲೈಂಟ್, ಅಂದರೆ ಆ ಕಡೆಯ ಪ್ರೋಗ್ರಾಂ, ಸಾಕೆಟ್‌ನಿಂದ (ಕನೆಕ್ಷನ್‌ನ ತನ್ನ ತುದಿಯಿಂದ) ಏನನ್ನೂ ಓದುವುದಿಲ್ಲ, ಹಾಗಾಗಿ ನೀವು ಮುಚ್ಚಿದ್ದು ಅದಕ್ಕೆ ತಿಳಿಯುವುದಿಲ್ಲ. ಅದರ ಮುಂದಿನ ರೈಟ್ (ಬರೆದು ಕಳಿಸುವುದು) ಸರಿಯಾಗಿ ಹೋಯಿತು ಎಂದೇ ಕಾಣುತ್ತದೆ. ನಿಮ್ಮ ಕಡೆಯಿಂದ, ಈ ಕನೆಕ್ಷನ್ ಈಗಿಲ್ಲ ಎನ್ನುವ ರೀಸೆಟ್ ಪ್ಯಾಕೆಟ್ ಹೋಗುತ್ತದೆ, ಆ ಮೆಸೇಜ್ ಅಲ್ಲಿಗೇ ಮುಗಿಯಿತು. ಎರರ್ ಬರುವುದು ಅದರ ಮುಂದಿನ ರೈಟ್‌ಗೆ. ಕ್ಲೈಂಟ್ 20 ಸೆಕೆಂಡಿಗೊಮ್ಮೆ ಇನ್ನೂ ಇದ್ದೇನೆ ಎನ್ನುವ ಒಂದು ಪುಟ್ಟ ಹಾರ್ಟ್‌ಬೀಟ್ ಮೆಸೇಜ್ ಕಳಿಸಿದರೆ ನಿಮ್ಮ 60ಕ್ಕೆ ಅರ್ಥ ಬರುತ್ತದೆ: ಮೂರು ತಪ್ಪಿದರೆ ಮುಚ್ಚಿ. ಒಂದು ಮೆಸೇಜೂ ಕಳೆಯಬಾರದು ಅಂದರೆ ಸರ್ವರ್ ತಲುಪಿತು ಎಂದು ತಿರುಗಿ ಹೇಳಲೇಬೇಕು, ಆಗ ಅದು ಬರೀ ಕೇಳಿಸಿಕೊಳ್ಳುವ ಸರ್ವರ್ ಅಲ್ಲ. ಅದನ್ನೂ ಮುಚ್ಚಿಡದೆ ಬರೆಯಿರಿ.

ಪರೀಕ್ಷೆಯನ್ನೂ ಮತ್ತೆ ಮಾಡಬೇಕು. ನೀವು ಕ್ಲೈಂಟನ್ನು ಕಿಲ್ ಮಾಡಿ ನೋಡಿದ್ದೀರಿ. ಪ್ರೋಗ್ರಾಂ ಸತ್ತರೂ ಕರ್ನಲ್ ಕನೆಕ್ಷನ್ ಮುಚ್ಚುವ ಪ್ಯಾಕೆಟ್ ಕಳಿಸುತ್ತದೆ, ಅಲ್ಲಿ ನಿಮ್ಮ ಟೈಮ್‌ಔಟ್‌ಗೆ ಕೆಲಸವೇ ಬರಲಿಲ್ಲ. ಎರಡು ಮಷಿನ್ ಇಟ್ಟುಕೊಳ್ಳಿ, ಕ್ಲೈಂಟ್ ಕಡೆಯ ಕೇಬಲ್ ಕಿತ್ತು ನೋಡಿ, ಲಾಗ್‌ನಲ್ಲಿ ಬಂದ ಸಮಯಗಳನ್ನು ಹಾಗೇ ಲೇಖನಕ್ಕೆ ಹಾಕಿ ಕಳಿಸಿ.