ಬಿಟ್ಟ ಅನ್ನಬೇಡಿ, ತೆಗೆದರು ಅನ್ನಿ

(ಗುರುತು ಸಿಗದಂತೆ ಊರು, ವಯಸ್ಸು, ಕೆಲಸದ ವಿವರಗಳನ್ನು ಬದಲಿಸಿದ್ದೇನೆ.)

2025ರ ಮೇ ಎರಡನೇ ವಾರ ಅಮೆರಿಕದಿಂದ ವಿಡಿಯೊ ಕರೆಯಲ್ಲಿ ಮಾತಾಡಿದ ಆ ತಾಯಿ ಹಾಸನದ ಕಡೆಯವರು. ಅಲ್ಲೇ ಆಪ್ತಸಲಹೆಗಾರರು ಸಿಗುತ್ತಾರಲ್ಲ ಎಂದು ಕೇಳಿದೆ. "ಇಂಗ್ಲಿಷಲ್ಲಿ ಅಳೋಕೆ ಬರಲ್ಲ ಮೇಡಂ" ಅಂದರು.

ಮಗಳೆಂದು ಬೆಳೆಸಿದ ಮಗು ಈಗ ಮಗ. ಅಲ್ಲಿನ ವಾಯುಪಡೆಯಲ್ಲಿ 11 ವರ್ಷದಿಂದ ವಿಮಾನ ದುರಸ್ತಿ ಮಾಡುತ್ತಿದ್ದ. 2016ರಲ್ಲಿ ಸೇನೆ ಟ್ರಾನ್ಸ್‌ಜೆಂಡರ್ ಸಿಬ್ಬಂದಿಯ ಮೇಲಿನ ನಿಷೇಧ ತೆಗೆದಾಗ ಸರ್ಕಾರದ ಮಾತು ನಂಬಿ, ಮೇಲಧಿಕಾರಿಗೆ ಹೇಳಿಯೇ ಬದಲಾದವನು. 2025ರ ಜನವರಿ 27ರಂದು ಟ್ರಂಪ್ ಹೊರಡಿಸಿದ ಆದೇಶ ಅವನಂಥವರು ಸೇನೆಯಲ್ಲಿ ಇರಕೂಡದು ಎಂದಿತು. ಕೆಳಗಿನ ನ್ಯಾಯಾಲಯಗಳು ತಡೆದರೂ, ವಿಚಾರಣೆ ಮುಗಿಯುವ ಮೊದಲೇ ಅದನ್ನು ಜಾರಿ ಮಾಡಲು ಮೇ 6ರಂದು ಸುಪ್ರೀಂ ಕೋರ್ಟ್ ಬಿಟ್ಟುಕೊಟ್ಟಿತು. ಜೂನ್ 6ರೊಳಗೆ ತಾನಾಗಿ ಹೊರಡುವುದಾಗಿ ತಿಳಿಸಿದರೆ ಪರಿಹಾರದ ಹಣ ಸುಮಾರು ಎರಡು ಪಟ್ಟು. ಇಲ್ಲವಾದರೆ ಅವರೇ ಕಳಿಸುತ್ತಾರೆ.

ಎರಡನೇ ಭೇಟಿಗೆ ಮಗನೂ ಸೇರಿಕೊಂಡ. ತಾಯಿ ನನ್ನೆದುರೇ ಬೇಡಿಕೊಂಡರು: "ಒಂದು ಕಾಗದದ ಮೇಲೆ ಹೆಣ್ಣು ಅಂತ ಬರೆದುಕೊಟ್ಟುಬಿಡು ಪುಟ್ಟಾ. ಮನೇಲಿ ಹೆಂಗೆ ಬೇಕೋ ಹಂಗಿರು."

ಅವನ ಕನ್ನಡ ತಡವರಿಸುತ್ತದೆ. ಆದರೂ ಕನ್ನಡದಲ್ಲೇ ಹೇಳಿದ. "ಅಮ್ಮಾ, ನನ್ನಂಥವರ ಬದುಕು ಸೈನಿಕನ ಸತ್ಯಕ್ಕೆ, ಗೌರವಕ್ಕೆ ಹೊಂದಲ್ಲ ಅಂತ ಆ ಆರ್ಡರ್‌ನಲ್ಲಿ ಬರೆದಿದ್ದಾರೆ. ಇಷ್ಟು ವರ್ಷದಲ್ಲಿ ಬೋಲ್ಟ್ ಬಿಗಿ ಮಾಡದೆ ನಾನು ಒಂದು ಸಲಾನೂ ಸೈನ್ ಹಾಕಿಲ್ಲ. ಮೊದಲನೇ ಸುಳ್ಳು ಬರಿ ಅಂತ ಈಗ ನೀನೇ ಹೇಳ್ತಿದ್ದೀಯ."

ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಆ ಸುಳ್ಳಿನಿಂದ ಕೆಲಸ ಉಳಿಯುತ್ತಲೂ ಇರಲಿಲ್ಲ. ವಿನಾಯಿತಿ ಬೇಕಾದರೆ ಲಿಂಗ ಬದಲಾವಣೆಗೆ ಎಂದೂ ಪ್ರಯತ್ನಿಸಿರಬಾರದು ಎಂಬ ಷರತ್ತಿತ್ತು. ಇದನ್ನು ತಾಯಿಗೆ ವಿವರಿಸಿದೆ. ಉಳಿಯುವಂತಿದ್ದರೂ ಬರೆದುಕೊಡು ಎಂದು ನಾನು ಹೇಳುತ್ತಿರಲಿಲ್ಲ. "ಸ್ವಲ್ಪ ದಿನ ಹಂಗೇ ಇರು, ಕೆಲಸ ಸಿಗೋವರೆಗೆ, ತಂಗಿ ಮದುವೆ ಆಗೋವರೆಗೆ" ಎಂಬ ಮಾತನ್ನು ನಮ್ಮ ಊರುಗಳ ತಂದೆತಾಯಿಯರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆ! ಆ ಸ್ವಲ್ಪ ದಿನದಲ್ಲೇ ಮಕ್ಕಳು ನಿದ್ದೆ ಕಳೆದುಕೊಳ್ಳುತ್ತಾರೆ, ಮನೆಯ ಫೋನ್ ಎತ್ತುವುದನ್ನು ಬಿಡುತ್ತಾರೆ.

ಆದೇಶವೇ ತಪ್ಪು ಎಂದು ನಾನು ಅವನಿಗೆ ನೇರವಾಗಿ ಹೇಳಿದೆ. ಸಲಹೆಗಾರರು ಪಕ್ಷ ವಹಿಸಬಾರದು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಕೆಲಸದಲ್ಲಿ ಒಂದು ಕುಂದೂ ಇಲ್ಲದವನು "ನನ್ನಲ್ಲೇ ಏನೋ ದೋಷ ಇರಬೇಕು" ಎಂದು ಕೇಳುವಾಗ ನಾನು ಸುಮ್ಮನಿದ್ದರೆ ಹೌದು ಎಂದಂತೆಯೇ ಆಗುತ್ತಿತ್ತು. ನಮ್ಮ ನೌಕಾಪಡೆಯೂ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಾವಿಕರೊಬ್ಬರನ್ನು 2017ರಲ್ಲಿ ಮನೆಗೆ ಕಳಿಸಿತು. ಅದನ್ನೂ ನಾನು ತಪ್ಪೆಂದೇ ಹೇಳುತ್ತೇನೆ.

ತಾನಾಗಿ ಹೊರಡುವ ಕಾಗದಕ್ಕೆ ಸಹಿ ಹಾಕುವ ಮೊದಲು ವಕೀಲರನ್ನು ಕಾಣಲು, ಸೇವಾ ದಾಖಲೆ, ವೈದ್ಯಕೀಯ ದಾಖಲೆಗಳ ಪ್ರತಿ ತೆಗೆದಿಟ್ಟುಕೊಳ್ಳಲು ಅವನಿಗೆ ತಿಳಿಸಿದೆ. ದಿನಾ ಫೋನ್ ಮಾಡಿ ಏನಾಯಿತು ಎಂದು ಕೇಳಬೇಡಿ, ಊಟದ ವಿಷಯ ಮಾತಾಡಿ ಎಂದೆ ತಾಯಿಗೆ. ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ನೆಂಟರು ಕೇಳಿದರೆ ಕೆಲಸ ಬಿಟ್ಟ ಅನ್ನಬೇಡಿ, ತೆಗೆದರು ಅನ್ನಿ.

ಅವನು ಜೂನ್ ಮೊದಲ ವಾರ ಸಹಿ ಹಾಕಿದ. ಆಗಸ್ಟಿನಲ್ಲಿ ತಾಯಿ ಸಂಬಂಧಿಕರ ಮದುವೆಗೆಂದು ಊರಿಗೆ ಬಂದವರು ಛತ್ರದಿಂದಲೇ ನನಗೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದರು. ಹಿಂದೆ ವಾಲಗದ ಸದ್ದು.

"ತೆಗೆದರು ಅಂದೆ ಮೇಡಂ. ಯಾಕೆ ಅಂತ ಕೇಳಿದರು. ಹೇಳಿದೆ."