ನನ್ನ ಖಿನ್ನತೆ ಮಗಳಿಗೂ ಬಂತಾ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಹೊಸ ಶಾಲೆ ಸೇರಿ ನಾಲ್ಕು ತಿಂಗಳಾಯಿತು. ಅಲ್ಲಿಂದ ಮಂಕಾಗಿದ್ದಾಳೆ. ಬೆಳಿಗ್ಗೆಯಾದರೆ ಹೊಟ್ಟೆನೋವು, ರಾತ್ರಿ ನಿದ್ದೆ ಇಲ್ಲ. ಚಿತ್ರ ಬಿಡಿಸುವುದೆಂದರೆ ಪ್ರಾಣ, ಈಗ ಪೆನ್ಸಿಲ್ ಮುಟ್ಟುತ್ತಿಲ್ಲ. ನನಗೂ ಹಿಂದೆ ಖಿನ್ನತೆ ಇತ್ತು. ಈಗ ಮತ್ತೆ ಶುರುವಾದಂತಿದೆ, ಆದರೆ ಮೊದಲು ಅವಳದು ಸರಿಹೋಗಲಿ ಎಂದು ಸುಮ್ಮನಿದ್ದೇನೆ. 'ನಿನ್ನ ರಕ್ತದಿಂದಲೇ ಬಂದಿದ್ದು' ಎನ್ನುತ್ತಾರೆ ಮನೆಯಲ್ಲಿ. ನಿಜವೇ ಡಾಕ್ಟರ್?

ಉತ್ತರ: ನನ್ನ ಅಮ್ಮನಿಗೂ ಇದೇ ಕಾಯಿಲೆ ಇತ್ತು. ಹದಿನಾರರಲ್ಲಿ ನನಗೂ ಬಂತು. ಅದಕ್ಕೇ ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಮನೆಯವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಅಪ್ಪನಿಗೋ ಅಮ್ಮನಿಗೋ ಖಿನ್ನತೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ. ಅವಳಿಗಳನ್ನು ಹೋಲಿಸಿ ನೋಡಿದ ಅಧ್ಯಯನಗಳ ಪ್ರಕಾರ, ಖಿನ್ನತೆಯ ವಿಷಯದಲ್ಲಿ ಜನರ ನಡುವೆ ಇರುವ ವ್ಯತ್ಯಾಸದಲ್ಲಿ ಸುಮಾರು ಶೇ 37 ಜೀನ್‌ಗಳಿಂದ ಬರುತ್ತದೆ. ಇದು ಇಡೀ ಜನಸಮೂಹದ ಲೆಕ್ಕ. ನಿಮ್ಮ ಮಗಳ ಸಂಕಟದಲ್ಲಿ ಇಷ್ಟು ಪಾಲು ನಿಮ್ಮದು ಎಂದು ಅಳೆಯಲು ಅದರಿಂದ ಆಗುವುದಿಲ್ಲ.

'ಖಿನ್ನತೆಯ ಜೀನ್' ಎಂಬುದೊಂದು ಇಲ್ಲವೇ ಇಲ್ಲ. 2003ರಲ್ಲಿ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕಕ್ಕೆ ಸಂಬಂಧಿಸಿದ ಒಂದು ಜೀನ್ ಹೆಸರು ಮಾಡಿತ್ತು. ಅದರ ಒಂದು ಬಗೆ ಇರುವವರು ಕಷ್ಟ ಬಂದಾಗ ಬೇಗ ಕುಸಿಯುತ್ತಾರೆ ಅಂದರು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಇಟ್ಟು ನೋಡಿದಾಗ ಅದಕ್ಕೆ ಆಧಾರ ಸಿಗಲಿಲ್ಲ. ಈಗ ತಿಳಿದಿರುವುದು ಇಷ್ಟು: ನೂರಾರು ಜೀನ್‌ಗಳು, ಒಂದೊಂದರದೂ ಎಳ್ಳಷ್ಟು ಪ್ರಭಾವ. ಆತಂಕಕ್ಕೂ ಖಿನ್ನತೆಗೂ ಅವುಗಳಲ್ಲಿ ಬಹುಪಾಲು ಒಂದೇ. ಆತಂಕದಲ್ಲಿ ಶುರುವಾದ ಮಕ್ಕಳು ಆಮೇಲೆ ಮಂಕಾಗುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಅವಳಿಗೆ ಬಂದಿರುವುದೇನು? ಬಹುಶಃ ಬೇಗ ನಾಟುವ ಮನಸ್ಸು. ಅದೊಂದೇ ಕಾಯಿಲೆಯಾಗುವುದಿಲ್ಲ. ಈ ವಯಸ್ಸಿನಲ್ಲಿ ಭಯ, ಸಿಟ್ಟಿನ ಭಾಗ ಮಿದುಳಿನಲ್ಲಿ ಜೋರಾಗಿರುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಮುಂಭಾಗ ಇನ್ನೂ ಬಲಿಯುತ್ತಿರುತ್ತದೆ. ಅಂಥ ಹೊತ್ತಲ್ಲಿ ಗೆಳತಿಯರು ದೂರವಾದರು, ಹೊಸ ತರಗತಿಯಲ್ಲಿ ಪಕ್ಕದಲ್ಲಿ ಕೂರಲು ಯಾರೂ ಇಲ್ಲ, ನಿದ್ದೆ ಕೆಟ್ಟಿತು. ನಿದ್ದೆ ಕೆಟ್ಟರೆ ಮರುದಿನ ಸಣ್ಣ ಮಾತೂ ಚುಚ್ಚುತ್ತದೆ. ಜೀನ್ ಬದಲಿಸಲು ಆಗುವುದಿಲ್ಲ, ಇವನ್ನೆಲ್ಲ ಬದಲಿಸಬಹುದು ಅಲ್ವಾ? ಹಳೆಯ ಗೆಳತಿಯ ಜೊತೆ ವಾರಕ್ಕೊಮ್ಮೆ ಮಾತಾಡುವಂತೆ ಮಾಡಿ. ತರಗತಿಯಲ್ಲಿ ಯಾರಾದರೂ ಕಾಡುತ್ತಿದ್ದಾರಾ ಎಂದು ಟೀಚರ್ ಹತ್ತಿರ ವಿಚಾರಿಸಿ.

ಒಂದನ್ನು ಮಾತ್ರ ಇವತ್ತೇ ಕೇಳಿ: 'ಸಾಯಬೇಕು ಅನಿಸುತ್ತಾ ಕಂದಾ?' ಕೇಳಿದರೆ ಆ ಯೋಚನೆ ಹೊಸದಾಗಿ ತಲೆಗೆ ಹೋಗುವುದಿಲ್ಲ. ಹೌದು ಎಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಇಲ್ಲ ಎಂದರೂ ಈ ವಾರದಲ್ಲೇ ತೋರಿಸಿ, ನಾಲ್ಕು ತಿಂಗಳು ಕಡಿಮೆಯಲ್ಲ.

ಇನ್ನು ನೀವು. ಸುಮ್ಮನಿದ್ದೇನೆ ಎಂದಿರಲ್ಲ, ಅದೇ ನನಗೆ ತುಂಬಾ ನೋವು ತಂದ ಸಾಲು. 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಖಿನ್ನತೆ ಇದ್ದ ತಾಯಂದಿರಿಗೆ ಚಿಕಿತ್ಸೆ ಕೊಟ್ಟು, 7ರಿಂದ 17 ವರ್ಷದ ಅವರ ಮಕ್ಕಳನ್ನೂ ಗಮನಿಸಿದರು. ಮೂರು ತಿಂಗಳಲ್ಲಿ ಗುಣವಾದ ತಾಯಂದಿರ ಮಕ್ಕಳಲ್ಲಿ ತೊಂದರೆ ಕಡಿಮೆಯಾಯಿತು. ಗುಣವಾಗದವರ ಮಕ್ಕಳಲ್ಲಿ ಹೆಚ್ಚಾಯಿತು. ವೈದ್ಯರ ಹತ್ತಿರ ಅವಳ ಜೊತೆ ನಿಮ್ಮ ಹೆಸರನ್ನೂ ಬರೆಸಿ.

ನನ್ನ ಅಮ್ಮ ತನ್ನ ಮಾತ್ರೆಗಳನ್ನು ಸೀರೆಗಳ ಅಡಿಯಲ್ಲಿ ಬಚ್ಚಿಡುತ್ತಿದ್ದಳು. ಹೀಗೆ ಆಗುತ್ತಿರುವುದು ನನಗೊಬ್ಬಳಿಗೇ ಎಂದುಕೊಂಡೇ ನಾನು ಎರಡು ವರ್ಷ ಕಳೆದೆ. ನಿಮ್ಮ ಮಗಳಿಗೆ ಹೇಳಿಬಿಡಿ, ನಿಮಗೂ ಹೀಗೇ ಆಗಿತ್ತು, ಆಮೇಲೆ ಕಡಿಮೆಯೂ ಆಯಿತು ಎಂದು.